ಬೆನ್ನು ಮುಟ್ಟದ ಖೋ

ಯಾರೂ ಖೋ ಕೊಡದೆ ನಾನು ಎದ್ದು ಓಡಿದ್ದು, ಆಡಿದ ಅಷ್ಟೂ ವರ್ಷಗಳಲ್ಲಿ, ಒಂದೇ ಒಂದು ಸಲ. ಆ ಒಂದು ಸಲಕ್ಕೆ ನನ್ನ ಒಂದು ವರ್ಷದ ಆಟ ಹೋಯಿತು, ಅವ್ವನ ನಿದ್ದೆ ಹೋಯಿತು, ನನ್ನ ಮೈಯ ಮೇಲೆ ನನಗಿದ್ದ ನಂಬಿಕೆ ಹೋಯಿತು. ಮೊದಲಿನ ಎರಡು ಹೇಗೋ ತಾವಾಗಿ ತಿರುಗಿ ಬಂದವು. ಮೂರನೆಯದನ್ನು ಮಾತ್ರ ಹುಡುಕಿಕೊಂಡು ಹೋಗಿ ತರಬೇಕಾಯಿತು.

ಇಷ್ಟು ವರ್ಷ ಬರೆಯದಿದ್ದವಳು ಈಗ ಬರೆಯುತ್ತಿರುವುದಕ್ಕೆ ಕಾರಣ ಒಬ್ಬ ಹುಡುಗಿ. ಈಚೆಗೆ ಅವಳ ತಂದೆ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಒಳ್ಳೆಯ ಓಟಗಾರ್ತಿಯಂತೆ. ಎರಡು ಸಲ ಮೂರ್ಛೆ ಬಂದು ಬಿದ್ದಿದ್ದಾಳೆ. ನಾನು ಬಹಳ ವರ್ಷ ಪಿ.ಟಿ. ಟೀಚರ್ ಆಗಿದ್ದವಳು, ನನಗೂ ಅದೇ ಕಾಯಿಲೆ ಇದೆ ಎಂದು ಯಾರೋ ಹೇಳಿ ಕಳಿಸಿದ್ದರು. "ಆಟ ಬಿಡಸ್ಲೇನ್ರಿ ಬಾಯಾರ?" ಎಂದು ಅವನು ಕೇಳಿದ. ಹುಡುಗಿ ಉದ್ದಕ್ಕೂ ನೆಲ ನೋಡುತ್ತ ಕುಳಿತಿದ್ದಳು. ಹಾಗೆ ನೆಲ ನೋಡುವುದು ನನಗೆ ಚೆನ್ನಾಗಿ ಗೊತ್ತು. ಡಾಕ್ಟರು ಹೇಳುವುದನ್ನು ಡಾಕ್ಟರೇ ಹೇಳಲಿ, ನನ್ನ ಹತ್ತಿರ ಇರುವುದು ನನ್ನ ಕತೆ ಮಾತ್ರ ಎಂದು ಶುರು ಮಾಡಿದೆ. ಅವರ ಬಸ್ಸಿನ ಹೊತ್ತಾಯಿತು, ಅರ್ಧಕ್ಕೇ ಎದ್ದು ಹೋದರು. ಉಳಿದರ್ಧ ಹೊಟ್ಟೆಯಲ್ಲೇ ಉಳಿದುಬಿಟ್ಟಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ಬೆಟಗೇರಿಯವರು. ಅಪ್ಪ ನೇಕಾರ, ಪಡಸಾಲೆಯಲ್ಲೇ ಮಗ್ಗ. ನಾನು ಒಂಬತ್ತನೇ ಇಯತ್ತೆ. ಹೆಸರು ಸುವರ್ಣಾ, ಮನೆಯಲ್ಲಿ ಸುವ್ವಿ. ಶಾಲೆಯ ಖೋಖೋ ತಂಡದಲ್ಲಿ ನನ್ನ ಜಾಗ ಕಂಬದಿಂದ ಎರಡನೆಯ ಚೌಕ. ನಮ್ಮನ್ನು ಆಡಿಸುತ್ತಿದ್ದವರು ನದಾಫ ಸರ್. ತೆಳ್ಳಗೆ, ಎತ್ತರಕ್ಕೆ, ಕೊರಳಲ್ಲಿ ಸೀಟಿ ಕಟ್ಟಿಕೊಂಡು ತಿರುಗುವ ಮನುಷ್ಯ. ಕೆಟ್ಟದಾಗಿ ಆಡಿದರೆ "ಭಾಳ ಚೊಲೋ ಆತು" ಎನ್ನುತ್ತಿದ್ದರು, ಅದೇ ಅವರ ಬೈಗುಳ. ಚೆನ್ನಾಗಿ ಆಡಿದಾಗ ಏನೂ ಅನ್ನುತ್ತಿರಲಿಲ್ಲ. ಅವರ ಬಾಯಿಂದ ಏನೂ ಅನ್ನಿಸಿಕೊಳ್ಳದಿರಲು ನಾವು ಒಂಬತ್ತು ಹುಡುಗಿಯರು ಬೆವರು ಸುರಿಸುತ್ತಿದ್ದೆವು.

ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಬೆನ್ನಟ್ಟುವವಳು ಗಿರಿಜಾ. ನಮ್ಮ ಹಿಂದಿನ ಓಣಿಯವಳು. ಬಿನ್ನೆತ್ತೆಯಿಂದ, ಶಾಲೆಗೆ ಸೇರಿದ ಮೊದಲ ವರ್ಷದಿಂದ, ಒಟ್ಟಿಗೇ ಓದಿದವರು ನಾವು. ನನ್ನ ಬೆನ್ನಿಗೆ ಬೀಳುತ್ತಿದ್ದ ಖೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳವೇ.

ಮುಂಡರಗಿಯಲ್ಲಿ ಒಂದು ಪಂದ್ಯ. ಗಿರಿಜಾ ಬೆನ್ನಟ್ಟುತ್ತಿದ್ದಳು, ನಾನು ನನ್ನ ಚೌಕದಲ್ಲಿ ಕುಳಿತಿದ್ದೆ. ಹೊಟ್ಟೆಯಿಂದ ಏನೋ ಬಿಸಿಯಾಗಿ ಮೇಲಕ್ಕೆ ಏರಿದಂತಾಯಿತು. ಕುತ್ತಿಗೆಯ ಹಿಂದೆಯೇ, ಸ್ಪಷ್ಟವಾಗಿ, "ಖೋ" ಎಂದು ಕೇಳಿಸಿತು. ಎದ್ದೆ, ನಾಲ್ಕು ಹೆಜ್ಜೆ ಓಡಿದೆ. ಅಂಪೈರ್ ಸೀಟಿ ಊದಿದರು. ತಿರುಗಿ ನೋಡಿದರೆ ಗಿರಿಜಾ ಎರಡು ಚೌಕ ಆಚೆ ನಿಂತು ಕಣ್ಣರಳಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. "ಯಾರ ಕೊಟ್ರಲೇ ನಿನಗ ಖೋ?" ಎಂದು ನಮ್ಮವರೇ ಯಾರೋ ಕೂಗಿದರು. ಉತ್ತರ ಕೊಡಲು ಬಾಯಿ ತೆರೆದದ್ದು ನೆನಪಿದೆ. ಅಷ್ಟೇ.

ಎಚ್ಚರವಾದಾಗ ಮೊದಲು ಬಂದದ್ದು ಚರ್ಮದ ವಾಸನೆ. ಅಂಪೈರರ ಎಡಗಾಲಿನ ಚಪ್ಪಲಿ ನನ್ನ ಮೂಗಿನ ಮೇಲಿತ್ತು. ಮುಷ್ಟಿಯಲ್ಲಿ ಯಾರದೋ ಟ್ರಂಕಿನ ಕೀಲಿಕೈ. ಸುತ್ತಲೂ ಮುಖಗಳು. ಅವುಗಳ ನಡುವೆ ನದಾಫ ಸರ್ ಬರಿ ಬನಿಯನ್ನಿನಲ್ಲಿ ನಿಂತಿದ್ದರು. ಅವರ ಅಂಗಿ ನನ್ನ ಸೊಂಟದ ಮೇಲಿತ್ತು. ಅದು ಅಲ್ಲಿ ಏಕಿತ್ತು ಎನ್ನುವುದು ನನ್ನ ಸ್ಕರ್ಟು ಒದ್ದೆಯಾಗಿದೆ ಎಂದು ಗೊತ್ತಾದಾಗ ತಿಳಿಯಿತು. ಆ ಅಂಗಿಯ ಬಗ್ಗೆ ಅವರು ಮುಂದೆ ಎಂದೂ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅಷ್ಟು ಜನರ ನಡುವೆ ಆ ಒಂದು ಅಂಗಿ ನನ್ನ ಮಾನ ಕಾಯಿತು, ಇವತ್ತು ನೆನೆದರೂ ಕಣ್ಣು ತುಂಬುತ್ತದೆ.

ಆಮೇಲೆ ಮನೆಯಲ್ಲಿ ಎರಡು ಸಲ ಬಿದ್ದೆ. ಓಣಿ ತುಂಬ ವೈದ್ಯರಾದರು. ಒಬ್ಬರು ಗಾಳಿ ಸೋಕಿದೆ ಎಂದರು, ಒಬ್ಬರು ಉಳ್ಳಾಗಡ್ಡಿ ಮೂಸಿಸಲು ಹೇಳಿದರು, ಇನ್ನೊಬ್ಬರು ತಾಯತ ಕಟ್ಟಿದರು. ಹೆಣ್ಣುಮಗಳು ಗಂಡುಹುಡುಗರ ಹಾಗೆ ಬಯಲಲ್ಲಿ ಓಡಿದರೆ ಇನ್ನೇನಾಗುತ್ತದೆ ಎಂದವರೂ ಇದ್ದರು. ಕೊನೆಗೆ ಗದಗಿನ ಡಾಕ್ಟರೊಬ್ಬರು ಒಂದು ಚೀಟಿ ಬರೆದುಕೊಟ್ಟು, "ಧಾರವಾಡಕ್ಕ ಕರಕೊಂಡ ಹೋಗ್ರಿ, ಅಲ್ಲೆ ಇದನ್ನ ತಿಳದವರು ಅದಾರ" ಎಂದರು.

ಅವ್ವ ಅಲ್ಲೇ ಬೆಂಚಿನ ಮೇಲೆ ಕುಸಿದಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ 'ಅವನ್ನ ಧಾರವಾಡಕ್ಕ ಕಳಸಬೇಕು' ಎಂದರೆ ತಲೆ ಕೆಟ್ಟಿದೆ ಎಂದೇ ಅರ್ಥ, ಹುಚ್ಚರ ದವಾಖಾನೆ ಇದ್ದದ್ದು ಅಲ್ಲೇ. ಪೇಢೆ ತರಲು ಹೊರಟವರು ಕೂಡ "ಧಾರವಾಡಕ್ಕ ಹೊಂಟೀನಿ" ಎಂದವರೇ ಉಸಿರು ಬಿಡದೆ "ಪೇಢೆ ತರಾಕ" ಎಂದು ಸೇರಿಸುತ್ತಿದ್ದರು. ಮದುವೆಗೆ ಬಂದ ಮಗಳನ್ನು ಧಾರವಾಡಕ್ಕೆ ತೋರಿಸಲು ಕರೆದೊಯ್ದರು ಎಂದು ಓಣಿಯಲ್ಲಿ ಸುದ್ದಿಯಾದರೆ ಮುಂದೇನು ಎನ್ನುವುದು ಅವ್ವನ ಚಿಂತೆ. ಹಾಗಾಗಿ ಅವಳು ಹುಬ್ಬಳ್ಳಿಯಲ್ಲಿ ತನ್ನ ದೂರದ ತಂಗಿಯೊಬ್ಬಳನ್ನು ಹುಟ್ಟಿಸಿದಳು. ಹುಟ್ಟಿಸಿದ್ದಷ್ಟೇ ಅಲ್ಲ, ಬಸುರಿ ಮಾಡಿ, ಅವಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹೊರಟಿದ್ದೇವೆ ಎಂದು ಎಲ್ಲರಿಗೂ ಹೇಳಿದಳು.

ಹೊರಡುವ ಬೆಳಿಗ್ಗೆ ಗಿರಿಜಾಳ ತಾಯಿ ಒಂದು ಕೆಂಪು ಅಂಚಿನ ಕುಬಸದ ಖಣ ತಂದು ಅವ್ವನ ಕೈಯಲ್ಲಿಟ್ಟಳು. "ನಿಮ್ಮ ತಂಗಿಗಿ ನಮ್ಮ ಮನ್ಯಾಗಿಂದಂತ ಹೇಳಿ ಉಡಿಯಾಗ ಹಾಕ್ರಿ. ಚೊಚ್ಚಲ ಅಂತೀರಿ." ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಗಾಡಿಯಲ್ಲಿ ಕುಳಿತ ಮೇಲೆ ಅಣ್ಣಿಗೇರಿ ದಾಟುವವರೆಗೂ ಅವಳು ಆ ಖಣವನ್ನೇ ನೋಡುತ್ತಿದ್ದಳು. "ಇಲ್ಲದಾಕಿ ಹೆಸರಿಲೆ ಖಣ ಇಸಗೊಂಡೆ ನೋಡ ಸುವ್ವಿ," ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಕಿಟಕಿಯ ಹೊರಗೆ ನೋಡಿದೆ.

ಧಾರವಾಡದ ಆ ದವಾಖಾನೆಯಲ್ಲಿ ಉದ್ದನೆಯ ಬೆಂಚುಗಳಿದ್ದವು. ಮೂರು ತಾಸು ಕುಳಿತೆವು. ಪಕ್ಕದಲ್ಲಿ ಹೊಂಬಳದ ಹೆಣ್ಣುಮಗಳೊಬ್ಬಳು, ಮಡಿಲಲ್ಲಿ ಐದಾರು ವರ್ಷದ ಮಗಳು. ಊರ ಕಡೆಯವರೆಂದು ಗೊತ್ತಾದ ಕೂಡಲೇ ಅವ್ವನ ಮುಖ ಬಿಳುಚಿತು. ಹೊಂಬಳವೆಂದರೆ ನಮ್ಮ ಸಂತೆಗೆ ಬಂದುಹೋಗುವ ಊರು.

"ಯಾರಿಗಿ ತೋರಸಾಕ ಬಂದೀರಿ?" ಎಂದು ಅವಳು ಕೇಳಿದಳು.

"ನನಗ್ರಿ," ಎಂದಳು ಅವ್ವ. "ತಲಿ ತಿರಗಿ ಬೀಳತೀನಿ. ಈಕಿ ನನ್ನ ಜೋಡಿ ಬಂದಾಳ."

ನಾನು ಅವ್ವನ ಮುಖ ನೋಡಿದೆ. ಅವಳು ನೋಡಲಿಲ್ಲ. ಆ ಹೆಣ್ಣುಮಗಳು "ಅಯ್ಯ, ಪಾಪ" ಎಂದು ಅವ್ವನ ಮೊಣಕಾಲು ನೀವಿದಳು. ಅವ್ವ ತನಗಿಲ್ಲದ ಕಾಯಿಲೆಗೆ ಸಮಾಧಾನ ಹೇಳಿಸಿಕೊಂಡಳು. ಅಷ್ಟರಲ್ಲಿ ಕಂಪೌಂಡರ್ ಬಾಗಿಲಿಗೆ ಬಂದು "ಸುವರ್ಣಾ" ಎಂದು ಕರೆದ. ನಾನು ಏಳುವ ಮೊದಲೇ ಅವ್ವ ಎದ್ದು ನಿಂತಿದ್ದಳು. "ಹೂಂ ರೀ, ನಾನ" ಎಂದು ನನ್ನ ರಟ್ಟೆ ಹಿಡಿದುಕೊಂಡು ಒಳಗೆ ನಡೆದಳು. ಬಾಗಿಲು ಮುಚ್ಚಿಕೊಂಡ ಮೇಲೆ ಡಾಕ್ಟರ ಎದುರು ಅತ್ತಳು.

ಡಾಕ್ಟರು ವಯಸ್ಸಾದವರು. ಅವಸರ ಮಾಡಲಿಲ್ಲ. ಅವ್ವನಿಗೆ ನೀರು ತರಿಸಿ ಕೊಟ್ಟು, ನನ್ನ ಕಡೆ ತಿರುಗಿ, "ಬೀಳೂಕಿಂತ ಮೊದ್ಲ ಏನರೆ ಗೊತ್ತಾಗ್ತದೇನವಾ?" ಎಂದರು. ಅದುವರೆಗೆ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಎಲ್ಲರೂ ಅವ್ವನನ್ನೇ ಕೇಳುತ್ತಿದ್ದರು.

"ಯಾರೋ ಖೋ ಅಂತಾರ್ರಿ," ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ, ಬರೆದುಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ, ಕೆಲವರಿಗೆ ವಾಸನೆ, ಕೆಲವರಿಗೆ ಬೆಳಕು, ನಿನಗೆ ಸದ್ದು ಎಂದರು. ಹುಚ್ಚಲ್ಲ, ಗಾಳಿಯಲ್ಲ, ಅಂಟುವುದೂ ಅಲ್ಲ ಎಂದು ಅವ್ವನಿಗೆ ಎರಡೆರಡು ಸಲ ಹೇಳಿದರು.

"ಆಟ ಬಿಡಬೇಕೇನ್ರಿ?" ಎಂದು ಕೇಳಿದೆ. ಅದೊಂದನ್ನೇ ಕೇಳಲು ನಾನು ಮೂರು ತಾಸು ಕಾದಿದ್ದೆ.

"ಬಾವಿ, ಕೆರಿ, ಒಲಿ, ಇವುಗಳಿಂದ ದೂರ ಇರು. ಗುಳಿಗಿ ಒಂದ ದಿನಾನೂ ತಪ್ಪಿಸಬ್ಯಾಡ. ಆಟ ಆರ ತಿಂಗಳ ಆದ ಮ್ಯಾಲೆ ನೋಡೋಣು," ಎಂದರು. ಬಿಡು ಎನ್ನಲಿಲ್ಲ. ಆ ಹೊತ್ತಿಗೆ ಅಷ್ಟೇ ಸಾಕಾಯಿತು.

ಖಣವನ್ನು ಏನು ಮಾಡುವುದು? ಹಿಂದಿರುಗಿಸುವಂತಿಲ್ಲ, ತೊಡುವಂತಿಲ್ಲ. ಅವ್ವ ಅದನ್ನು ಕತ್ತರಿಸಿ, ಎಲೆ ಅಡಿಕೆಗೆ ಇಟ್ಟುಕೊಳ್ಳುವಂಥ ಸಣ್ಣ ಚಂಚಿ ಹೊಲಿದು ನನ್ನ ಗುಳಿಗೆ ಹಾಕಿಡಲು ಕೊಟ್ಟಳು. ಹುಟ್ಟದ ಕೂಸಿನ ಹೆಸರಿನ ಬಟ್ಟೆಯಲ್ಲಿ ನನ್ನ ಗುಳಿಗೆಗಳು ಬೆಚ್ಚಗಿದ್ದವು.

ಗುಳಿಗೆ ಬೀಳುವುದನ್ನು ನಿಲ್ಲಿಸಿತು, ನನ್ನನ್ನೂ ಅರ್ಧ ನಿಲ್ಲಿಸಿತು. ಮೊದಲ ಎರಡು ತಿಂಗಳು ಕುಳಿತಲ್ಲೇ ತೂಕಡಿಕೆ. ಒಸಡು ಊದಿ, ನಕ್ಕರೆ ಹಲ್ಲಿಗಿಂತ ಒಸಡೇ ಮುಂದೆ ಬರುತ್ತಿತ್ತು. ನಗುವುದನ್ನೇ ಬಿಟ್ಟೆ. ಅದಕ್ಕೂ ಕೆಟ್ಟದ್ದು ಇನ್ನೊಂದಿತ್ತು, ಅದು ಗುಳಿಗೆಯಿಂದ ಬಂದದ್ದಲ್ಲ. ಯಾರಾದರೂ ನನ್ನನ್ನು ಹಿಂದಿನಿಂದ ಕರೆದರೆ, ಖರೆಯಾಗಿ ಕರೆದರೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಅವ್ವ ಅಡುಗೆಮನೆಯಿಂದ "ಸುವ್ವಿ" ಎಂದರೆ ಎರಡನೆಯ ಸಲ ಕೂಗುವವರೆಗೂ ಓಗೊಡುತ್ತಿರಲಿಲ್ಲ. ನನ್ನ ಕಿವಿಯೇ ನನಗೆ ಸುಳ್ಳು ಹೇಳಿತ್ತು. ಇನ್ನು ಯಾರನ್ನು ನಂಬುವುದು?

ಒಂದು ಸಂಜೆ ನದಾಫ ಸರ್ ಮನೆಗೆ ಬಂದರು. ಅಪ್ಪ ಮಗ್ಗದಿಂದ ಎದ್ದು ಚಾಪೆ ಹಾಸಿದ. ಅವ್ವ ಒಳಗಿನಿಂದಲೇ, "ಸರ್, ಆಕಿ ಇನ್ನ ಆಡಂಗಿಲ್ರಿ, ಕೇಳಾಕ ಬಂದಿದ್ರ ಚಾ ಕುಡದ ಹೋಗ್ರಿ," ಎಂದಳು.

"ಚಾ ಕುಡ್ಯಾಕ ಬಂದೀನ್ರಿ ಅಕ್ಕಾರ," ಎಂದು ಸರ್ ಕುಳಿತರು. ಚಹಾ ಕುಡಿಯುತ್ತ ನನ್ನ ಕಡೆ ತಿರುಗಿ ಹೇಳಿದರು: "ಅಂಗಳಕ್ಕ ಬರಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ. ಮನಸ್ಸಿನ್ಯಾಗ ಆಡಬ್ಯಾಡ ಅಂತ ಹೇಳ್ಯಾರೇನು?"

ಅವರು ಕೊಟ್ಟ ಕೆಲಸ ವಿಚಿತ್ರವಾಗಿತ್ತು. ದಿನಕ್ಕೊಮ್ಮೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಪೂರ್ತಿ ಏಳು ನಿಮಿಷದ ಒಂದು ಸರದಿ ಆಡಬೇಕು. ಎಲ್ಲರ ಹೆಸರು, ಎಲ್ಲರ ಜಾಗ, ಕಾಲ ಕೆಳಗಿನ ಮಣ್ಣು, ಬಿಸಿಲು ಯಾವ ಕಡೆ, ಎಲ್ಲ ಬೇಕು. ಅಂಗಳದಲ್ಲಿ ಮಾಡುವ ತಪ್ಪು ತಲೆಯಲ್ಲೇ ಆಗಿಹೋಗಲಿ ಎಂದರು.

ನಾನು ಆಡಿದೆ. ಪ್ರತಿ ಸಲವೂ ಬಿದ್ದೆ. ಕಣ್ಣು ಮುಚ್ಚಿ ಚೌಕದಲ್ಲಿ ಕುಳಿತರೆ ಸಾಕು, ಆ ಖೋ ಬರುತ್ತಿತ್ತು, ಎದ್ದು ಓಡಿ ಬೀಳುತ್ತಿದ್ದೆ. ಎಂಟು ದಿನ ಹೀಗಾದ ಮೇಲೆ ಶಾಲೆಯ ಬಾಗಿಲಲ್ಲಿ ಸರ್ ಸಿಕ್ಕಾಗ ಅಳುತ್ತ ಹೇಳಿದೆ. ಅವರು, "ಅಲ್ಲೇ ಬಿಡಬ್ಯಾಡ. ಬಿದ್ದ ಮ್ಯಾಲೆ ಏನಾಕ್ಕೈತಿ ಅದನ್ನೂ ಆಡು. ಬಿದ್ದಿ. ಎದ್ದಿ. ಮಣ್ಣ ಝಾಡಿಸಿದಿ. ನೀರ ಕುಡದಿ. ಮತ್ತ ಬಂದ ಕುಂತಿ. ಅಲ್ಲೀತನಕಾ ಆಡು," ಎಂದರು.

ಇಂದು ಆಟಗಾರರ ಮನಸ್ಸು ತಿದ್ದಲು ಬೇರೆ ಜನರೇ ಇರುತ್ತಾರಂತೆ, ಪುಸ್ತಕಗಳಿವೆಯಂತೆ. ನನಗೆ ಸಿಕ್ಕಿದ್ದು ಒಂದು ಗೋಡೆ ಮತ್ತು ಅಪ್ಪನ ಮಗ್ಗದ ಸದ್ದು. ಅದರ ಲಯಕ್ಕೆ ಸರಿಯಾಗಿ ನನ್ನ ಆಟ ನಡೆಯುತ್ತಿತ್ತು. ಒಮ್ಮೆ ನಡುವೆಯೇ ಮಗ್ಗ ನಿಂತಿತು, ನನ್ನ ಆಟವೂ ನಿಂತಿತು. ಕಣ್ಣು ತೆರೆದರೆ ಅಪ್ಪ ಹರಿದ ಎಳೆ ಹುಡುಕುತ್ತಿದ್ದ. ಹುಡುಕಿ, ಎರಡು ತುದಿ ಹಿಡಿದು, ಬೆರಳಲ್ಲೇ ಹೊಸೆದು ಕೂಡಿಸಿ ಮತ್ತೆ ಶುರು ಮಾಡಿದ. ನಾನು ನೋಡುತ್ತಿದ್ದುದನ್ನು ಕಂಡು, "ದಿನಾ ಹರೀತಾವ," ಎಂದ. ಅಪ್ಪ ನನ್ನೊಡನೆ ನನ್ನ ಕಾಯಿಲೆಯ ಬಗ್ಗೆ ಆಡಿದ್ದು ಆ ಒಂದು ಮಾತು. ಅದು ಕಾಯಿಲೆಯ ಬಗ್ಗೆ ಹೌದೋ ಅಲ್ಲವೋ ಅದೂ ಖಾತ್ರಿಯಿಲ್ಲ. ನಾನು ಹಾಗೆಂದುಕೊಂಡೆ. ಅಂದಿನಿಂದ ಬಿದ್ದ ಮೇಲೆ ಏಳುವುದು ನನ್ನ ಆಟದಲ್ಲೂ ಸೇರಿಕೊಂಡಿತು.

ಆರು ತಿಂಗಳು ಕಳೆದು, ಹತ್ತನೇ ಇಯತ್ತೆಗೆ ಬಂದೆ. ಧಾರವಾಡದ ಡಾಕ್ಟರು ಆಡಬಹುದು ಎಂದರು. ಅಂಗಳಕ್ಕೆ ಹೋದ ದಿನ ಎಲ್ಲರೂ ನಕ್ಕು ಮಾತಾಡಿಸಿದರು. ಆಟ ಶುರುವಾಯಿತು. ನನ್ನ ಚೌಕದಲ್ಲಿ ಕುಳಿತೆ. ಒಂದು ಸರದಿ ಮುಗಿಯಿತು, ಎರಡನೆಯದೂ ಮುಗಿಯಿತು. ನನಗೆ ಒಂದೂ ಖೋ ಬರಲಿಲ್ಲ. ನನ್ನ ಆಚೆ ಈಚೆ ಕುಳಿತವರು ಎದ್ದರು, ಕುಳಿತರು. ನಾನು ಅಂಗಳಕ್ಕೆ ನೆಟ್ಟ ಮೂರನೆಯ ಕಂಬವಾಗಿದ್ದೆ.

ಸರ್ ಗದರಿದ ಮೇಲೆ ಕೊಡತೊಡಗಿದರು. ಆದರೆ ಮಾರು ದೂರದಿಂದ, ಬಾಯಲ್ಲಿ ಮಾತ್ರ. ಕೈ ಮುಟ್ಟಿಸುತ್ತಿರಲಿಲ್ಲ. ಗಿರಿಜಾ ಎಲ್ಲರಿಗಿಂತ ದೂರದಿಂದ ಕೂಗಿ ಓಡಿಹೋಗುತ್ತಿದ್ದಳು. ಅವರಿಗೆ ಗೊತ್ತಿರಲಿಲ್ಲ, ಕೈ ಮುಟ್ಟದ ಖೋ ಎಂದರೆ ನನ್ನ ಪಾಲಿಗೆ ಆ ಇನ್ನೊಂದು ಖೋ. ಕೇಳಿಸಿದ ಕೂಡಲೇ ಮೈ ಕಲ್ಲಾಗುತ್ತಿತ್ತು. ಇದು ಯಾವುದು? ಹೊರಗಿನದೋ, ಒಳಗಿನದೋ? ಅಷ್ಟು ಯೋಚಿಸುವುದರಲ್ಲಿ ಓಡುವವಳು ಕಂಬ ಸುತ್ತಿ ಹೋಗಿರುತ್ತಿದ್ದಳು. "ಗುಳಿಗಿ ತಿಂದ ಮಂದ ಆಗ್ಯಾಳ" ಎಂದು ಒಬ್ಬಳು ಪಿಸುಗುಟ್ಟಿದ್ದು ಕೇಳಿಸಿತು. ಅದು ಮಾತ್ರ ಅನುಮಾನವೇ ಇಲ್ಲದಂತೆ ಕೇಳಿಸಿತು.

ಸರ್ ಎಲ್ಲವನ್ನೂ ಗಮನಿಸುತ್ತಿದ್ದರು. ಉಳಿದವರು ಹೋದ ಮೇಲೆ ನನ್ನನ್ನು ಚೌಕದಲ್ಲಿ ಕೂರಿಸಿ, ತಮ್ಮ ಬೆತ್ತದ ತುದಿಗೆ ಹಳೆಯ ಬಟ್ಟೆ ಸುತ್ತಿಕೊಂಡು ಹಿಂದೆ ನಿಂತರು. ಕಣ್ಣು ಮುಚ್ಚಲು ಹೇಳಿದರು. ಒಮ್ಮೆ ನಡೆದು ಬಂದು ಬೆತ್ತದಿಂದ ಬೆನ್ನು ಮುಟ್ಟಿ ಖೋ ಎನ್ನುತ್ತಿದ್ದರು. ಒಮ್ಮೆ ನಿಂತಲ್ಲೇ ಖೋ ಎನ್ನುತ್ತಿದ್ದರು. ಒಮ್ಮೆ ಸುಮ್ಮನೆ ನಡೆದು ಹೋಗುತ್ತಿದ್ದರು. ಸುಳ್ಳು ಖೋಗೆ ಎದ್ದರೆ, "ಭಾಳ ಚೊಲೋ ಆತು."

"ಹೆಜ್ಜಿ, ಕೈ, ಕೂಗು," ಎಂದರು. "ಮೂರೂ ಬಂದ್ರ ಏಳು. ಒಂದ ಕಡಿಮಿ ಆದ್ರೂ ಕುಂಡ್ರು. ತಂಗಿ, ನಿನ್ನ ರೋಗಕ್ಕ ಬಾಯಿ ಐತಿ. ಕೈ ಇಲ್ಲ."

ಆ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಮೂರು ವಾರ ದಿನವೂ ಹೀಗೆ ಕುಳಿತೆ. ನನಗೆ ಧೈರ್ಯ ಬಂತು ಎಂದು ಯಾವ ದಿನವೂ ಅನ್ನಿಸಲಿಲ್ಲ. ತಪ್ಪು ಕಡಿಮೆಯಾದವು, ಅಷ್ಟೇ. ಆಮೇಲೊಂದು ದಿನ ಅವ್ವ ಅಡುಗೆಮನೆಯಿಂದ ಕರೆದಾಗ ಮೊದಲ ಕರೆಗೇ "ಏನ ಬೇ" ಎಂದೆ. ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿ ಹೋದಳು.

ಲಕ್ಷ್ಮೇಶ್ವರದ ಪಂದ್ಯಕ್ಕೆ ತಂಡದ ಹೆಸರು ಹಾಕುವಾಗ ಸರ್ ನನ್ನ ಹೆಸರನ್ನೂ ಬರೆದರು. ಹೆಡ್ ಮಾಸ್ತರರು ಒಪ್ಪಲಿಲ್ಲ. ಹುಡುಗಿ ಬಿದ್ದರೆ ಶಾಲೆಯ ಹೊಣೆಯಿಲ್ಲ ಎಂದು ತಂದೆ ಬರೆದುಕೊಡಬೇಕು ಎಂದರು. ಅವ್ವ ಕಾಗದ ಮುಟ್ಟಗೊಡಲಿಲ್ಲ. "ಸಾವಿರ ಮಂದ್ಯಾಗ ಮತ್ತ ಬಿದ್ಲಂದ್ರ ನಾ ಏನ ಮಾಡ್ಲಿ?" ಎಂದಳು. ಅಪ್ಪ, "ಮನ್ಯಾಗ ಬಿದ್ರ ಏನ ಮಾಡತಿ? ಅದನ್ನ ಮಾಡು," ಎಂದು ಸಹಿ ಹಾಕಿದ. ಎರಡು ದಿನ ಅವ್ವ ನಮ್ಮಿಬ್ಬರ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಹೊರಡುವಾಗ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಗುಳಿಗೆಯ ಚಂಚಿಯನ್ನು ನನ್ನ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಮಾತು ಮಾತ್ರ ಆಡಲಿಲ್ಲ.

ಬಸ್ಸಿನಲ್ಲಿ ಗಿರಿಜಾಳ ಪಕ್ಕದ ಸೀಟು ಖಾಲಿಯಿತ್ತು. ಹೋಗಿ ಕುಳಿತೆ. ಎಷ್ಟು ದಿನದಿಂದ ಹೊಟ್ಟೆಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ನನ್ನ ಮುಟ್ಟಿದ್ರ ನಿನಗೂ ಬರತೈತಿ ಅಂತ ಮಾಡೀಯೇನಲೇ?"

ಅವಳು ಕಿಟಕಿಯ ಕಡೆ ತಿರುಗಿದಳು. ಬಸ್ಸು ಶಿರಹಟ್ಟಿಗೆ ಬಂತು. ಅಲ್ಲಿ ಜನ ಇಳಿದು ಹತ್ತಿ ಗದ್ದಲವಾದಾಗ, ಅದರ ಮರೆಯಲ್ಲಿ ಹೇಳಿದಳು.

"ನನಗ ಬರತೈತಿ ಅಂತ ಅಲ್ಲ. ನಿನಗ ಬಂದದ್ದ ನನ್ನಿಂದ."

"ಏನಂತೀ?"

"ಮುಂಡರಗ್ಯಾಗ ನಿನಗ ಖೋ ಕೊಡಾಕಂತ ಕೈ ಚಾಚಿದ್ದೆ. ಓಡೂ ಹುಡುಗಿ ಆ ಕಡೆ ಹೊಳ್ಳಿದ್ಲು ಅಂತ ಕೊಡಲಿಲ್ಲ, ಮುಂದ ಓಡಿದೆ. ನನ್ನ ಕೈ ನಿನ್ನ ಬೆನ್ನಿಗಿ ತಾಕಿತ್ತೋ ಇಲ್ಲೋ ನನಗ ಗೊತ್ತಿಲ್ಲ. ನೀ ಎದ್ದಿ. ಬಿದ್ದಿ." ಅವಳು ಬಲಗೈಯನ್ನು ನನ್ನ ಮುಂದೆ ಚಾಚಿದಳು. "ಆವತ್ತಿಂದ ಈ ಕೈಯಿಲೆ ನಿನ್ನ ಮುಟ್ಟಾಕ ಹೆದರಿಕಿ ನನಗ."

ಒಂದು ವರ್ಷ. ಒಂದು ವರ್ಷ ಆ ಹುಡುಗಿ ತನ್ನ ಬಲಗೈಯನ್ನು ಅಪರಾಧಿ ಮಾಡಿಕೊಂಡು ತಿರುಗಿದ್ದಳು. ನಾನು ಅವಳು ಹೇಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವಳ ಓಣಿಗೇ ಹೋಗುವುದನ್ನು ಬಿಟ್ಟಿದ್ದೆ. ಮುಂಡರಗಿಯಲ್ಲಿ ಅವಳ ಕೈ ತಾಕಿತ್ತೋ ಇಲ್ಲವೋ, ಇವತ್ತಿಗೂ ನಮ್ಮಿಬ್ಬರಿಗೂ ಗೊತ್ತಿಲ್ಲ.

"ಹುಚ್ಚಿ," ಎಂದೆ. ಧಾರವಾಡಕ್ಕೆ ಹೋಗಿ ಬಂದವಳು ನಾನು, ಹುಚ್ಚಿ ಎನಿಸಿಕೊಂಡವಳು ಅವಳು. "ಡಾಕ್ಟ್ರ ಹೇಳ್ಯಾರ, ಯಾರ ಕೈಯಿಂದಾನೂ ಬರಂಗಿಲ್ಲ. ಮುಟ್ಟಿದ್ರ ನಾ ಬೀಳಂಗಿಲ್ಲಲೇ. ಮುಟ್ಟದಿದ್ರ ನನಗ ಖರೆ ಖೋ ಯಾವುದು ಅಂತ ತಿಳ್ಯಂಗಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದೆ. ಒಳಗಿನ ಖೋ, ಹೊರಗಿನ ಖೋ, ಸರ್ ಹೇಳಿದ ಮೂರು ಮಾತು. ತಂಡದಲ್ಲಿ ಇನ್ನಾರಿಗೂ ಅದನ್ನು ಹೇಳಿರಲಿಲ್ಲ. ಅವಳು ತನ್ನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

ಲಕ್ಷ್ಮೇಶ್ವರದಲ್ಲಿ ನಮ್ಮ ಎದುರು ಶಿರಹಟ್ಟಿಯ ಹುಡುಗಿಯರು. ಕೊನೆಯ ಸರದಿಯಲ್ಲಿ ನಾವು ಬೆನ್ನಟ್ಟಬೇಕಿತ್ತು. ಹಿಡಿಯಬೇಕಾದವರು ಇನ್ನೂ ಬಾಕಿ ಇದ್ದರು, ಉಳಿದದ್ದು ಒಂದೇ ನಿಮಿಷ. ಹಸಿರು ರಿಬ್ಬನ್ನಿನ ಉದ್ದ ಹುಡುಗಿಯೊಬ್ಬಳು ನಮ್ಮನ್ನು ಕುಣಿಸುತ್ತಿದ್ದಳು. ನಾನು ನನ್ನ ಚೌಕದಲ್ಲಿ ಕುಳಿತಿದ್ದೆ.

ಆಗ ಹೊಟ್ಟೆಯಲ್ಲಿ ಆ ಬಿಸಿ ಎದ್ದಿತು.

ಒಂದು ವರ್ಷದಿಂದ ಬಂದಿರಲಿಲ್ಲ. ಎದೆಗೆ ಏರಿತು, ಕುತ್ತಿಗೆಗೆ ಬಂತು. "ಖೋ." ಎಷ್ಟು ಸ್ಪಷ್ಟ ಎಂದರೆ ಉಸಿರು ತಾಕಿದಂತಾಯಿತು. ಮೊಣಕಾಲು ಅರ್ಧ ಎದ್ದೇಬಿಟ್ಟಿತ್ತು. ಹೆಜ್ಜಿ? ಬರಲಿಲ್ಲ. ಕೈ? ಇಲ್ಲ. ಅಂಗಾಲನ್ನು ಮಣ್ಣಿಗೆ ಒತ್ತಿದೆ. ನಿನಗ ಬಾಯಿ ಐತಿ, ಕೈ ಇಲ್ಲ. ನಿನಗ ಕೈ ಇಲ್ಲ. ಬೀಳುವುದಾದರೆ ಕುಳಿತಲ್ಲೇ ಬೀಳುತ್ತೇನೆ, ಏಳುತ್ತೇನೆ, ಮಣ್ಣು ಝಾಡಿಸುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅದನ್ನೂ ಆಡಿ ನೋಡಿದ್ದೇನೆ. ಹಾಗೆಂದುಕೊಂಡು ಕುಳಿತೆ. ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಆ ಕುಳಿತದ್ದೇ. ನೋಡುವವರಿಗೆ ಏನೂ ಕಂಡಿರಲಿಕ್ಕಿಲ್ಲ.

ಬಿಸಿ ನಿಧಾನಕ್ಕೆ ಇಳಿಯಿತು. ಬೀಳಲಿಲ್ಲ.

ಆಮೇಲೆ ಹೆಜ್ಜೆ ಕೇಳಿಸಿದವು. ಬಲಗಾಲು ಸ್ವಲ್ಪ ಭಾರವಾಗಿ ಊರುವ ಹೆಜ್ಜೆ, ಅದು ಗಿರಿಜಾಳದು. ಹತ್ತಿರ ಬಂದವು, ಇನ್ನೂ ಹತ್ತಿರ. ಬೆನ್ನ ಮೇಲೆ ಫಟಾರನೆ ಒಂದು ಏಟು ಬಿತ್ತು. ಮುಟ್ಟಿದ್ದಲ್ಲ, ಹೊಡೆದದ್ದು. ಒಂದು ವರ್ಷ ಕೊಡದಿದ್ದ ಖೋಗಳನ್ನೆಲ್ಲ ಸೇರಿಸಿ ಒಂದೇ ಸಲ ಕೊಟ್ಟ ಹಾಗೆ.

"ಖೋ!"

ಎದ್ದೆ. ಯೋಚನೆ ಮಾಡಲಿಲ್ಲ. ಹಸಿರು ರಿಬ್ಬನ್ನಿನವಳು ಕಂಬದ ಕಡೆ ತಿರುಗುವಷ್ಟರಲ್ಲಿ ಅವಳ ಭುಜ ನನ್ನ ಬೆರಳಿಗೆ ಸಿಕ್ಕಿತ್ತು. ಇಬ್ಬರೂ ಮಣ್ಣಿನಲ್ಲಿ ಉರುಳಿದೆವು.

ನಮ್ಮ ತಂಡ ಒಂದು ಅಂಕದಿಂದ ಸೋತಿತು. ಉಳಿದವರು ಅಳುತ್ತಿದ್ದರು. ಗಿರಿಜಾ ಓಡಿಬಂದು ನನ್ನ ಮುಖವನ್ನು ಒಮ್ಮೆ, ತನ್ನ ಕೈಯನ್ನು ಒಮ್ಮೆ ನೋಡಿದಳು. ನಾನು ಊದಿದ ಒಸಡು ಕಾಣುವಂತೆ ನಕ್ಕೆ. ನದಾಫ ಸರ್ ಬಂದರು, ನೀರಿನ ತಂಬಿಗೆ ಕೊಟ್ಟರು. ಏನೂ ಅನ್ನಲಿಲ್ಲ.

ಕಾಯಿಲೆ ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆಮೇಲೆಯೂ ಕೆಲವು ಸಲ ಬಿದ್ದಿದ್ದೇನೆ, ಒಮ್ಮೆ ನನ್ನದೇ ವಿದ್ಯಾರ್ಥಿಗಳ ಮುಂದೆ. ಗುಳಿಗೆ ಇವತ್ತಿಗೂ ಇದೆ. ಮನೆಗೆ ಬಂದ ಆ ಹುಡುಗಿಗೆ ನಾನು ಹೇಳದೆ ಉಳಿಸಿದ್ದು 'ಎಲ್ಲ ಸರಿಹೋಗುತ್ತದೆ' ಎನ್ನುವುದಲ್ಲ. ಹೇಳಬೇಕೆಂದಿದ್ದು ಆ ದಿನ ಲಕ್ಷ್ಮೇಶ್ವರದಿಂದ ಊರಿಗೆ ಬಂದ ಮೇಲಿನ ಸಂಗತಿ.

ಮನೆಗೆ ಬಂದಾಗ ಅವ್ವ ನೀರು ಕಾಯಿಸಿಟ್ಟಿದ್ದಳು. ಇನ್ನೂ ಮಾತಿಲ್ಲ. ಬಚ್ಚಲಲ್ಲಿ ನನ್ನನ್ನು ಕೂರಿಸಿ ಬೆನ್ನು ತಿಕ್ಕಲು ಬಂದವಳ ಕೈ ತಟ್ಟನೆ ನಿಂತಿತು.

"ಯಾರ ಹೊಡದ್ರು?" ಎಂದಳು. ಮೂರು ದಿನದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು. ದನಿಯಲ್ಲಿ ಸಿಟ್ಟಿತ್ತು. "ಐದೂ ಬಳ್ಳು ಮೂಡ್ಯಾವಲ್ಲ."

"ಗಿರಿಜಾ ಬೇ. ಖೋ ಕೊಟ್ಲು."

ಅವ್ವನಿಗೆ ಖೋಖೋ ಗೊತ್ತಿರಲಿಲ್ಲ, ಆದರೆ ನನ್ನನ್ನು ಮುಟ್ಟಲು ಓಣಿಯ ಜನ ಎಷ್ಟು ಹೆದರುತ್ತಿದ್ದರು ಎನ್ನುವುದು ಗೊತ್ತಿತ್ತು. ಅವಳು ತನ್ನ ಬೆಚ್ಚಗಿನ ಅಂಗೈಯನ್ನು ಆ ಗುರುತಿನ ಮೇಲೆ, ಬೆರಳಿಗೆ ಬೆರಳು ಕೂಡುವಂತೆ ಇಟ್ಟಳು.

"ಎಣ್ಣಿ ಹಚ್ಚತೀಯೇನ ಬೇ?" ಎಂದು ಕೇಳಿದೆ.

"ಬ್ಯಾಡ," ಎಂದಳು ಅವ್ವ. "ಇರಲಿ."